ನಕ್ಷೆಯ ಹಿಂಬದಿ

"ಆ ಗಾಡಿ ಬ್ರೇಕು ಹೇಗಿರುತ್ತೋ ಏನೋ," ಎಂದು ಶಾಲೆಯ ಬಸ್ಸು ಓಡಿಸುವ ಬಸ್ಸಜ್ಜ ಶೂ ಹಾಕಿಕೊಳ್ಳುತ್ತ ಹೊಸ ರಾಗ ತೆಗೆದ.

ಅಜ್ಜಿಗೆ ರೇಗಿಹೋಯಿತು. ಮೊನ್ನೆ, ವಸಂತ ಬಂದರೂ ಬೆಟ್ಟದ ಮೇಲೆ ಹಿಮ ಕರಗಿರುವುದಿಲ್ಲ ಎಂದಿದ್ದ. ಅವಳು ರಾಷ್ಟ್ರೀಯ ಉದ್ಯಾನದ ಕಚೇರಿಗೇ ಫೋನ್ ಮಾಡಿ, ರಸ್ತೆ ತೆರೆದಿದೆ ಎಂದು ಕೇಳಿ ತಿಳಿದುಕೊಂಡಳು. ನಿನ್ನೆ ತನಗೆ ಸೊಂಟ ನೋವು ಎಂದ. ಇವತ್ತು ಬ್ರೇಕು. ಮಲಗಲು ಮಂಚ, ಅಡುಗೆಗೆ ಒಲೆ, ಕೈ ತೊಳೆಯಲು ನಲ್ಲಿ, ಎಲ್ಲ ಒಳಗೇ ಇರುವ ಮೋಟರ್‌ಹೋಮನ್ನು ಬಾಡಿಗೆಗೆ ಹೇಳಿಟ್ಟಾಗಿತ್ತು. ಬರುತ್ತೇವೋ ಇಲ್ಲವೋ ಎಂದು ಇವತ್ತು ಖಚಿತವಾಗಿ ಹೇಳಿಬಿಡಬೇಕು. ಮೊಮ್ಮಗಳಿಗೆ ಉಣ್ಣೆ ಟೋಪಿಯನ್ನೂ ಹೆಣೆದು ಮುಗಿಸಿದ್ದಳು. ಮಾತೆಂದರೆ ಮಾರು ದೂರ ಓಡುವ ಆ ಮಗು ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು "ಬೆಟ್ಟ" ಎಂದಿತ್ತು. ಇಡೀ ದಿನಕ್ಕೆ ಅದೊಂದೇ ಮಾತು.

"ಅಲ್ಲ ರೀ, ಊರ ಮಕ್ಕಳನ್ನೆಲ್ಲ ಬಸ್ಸಲ್ಲಿ ತುಂಬ್ಕೊಂಡು ತಿರುಗೋರು ನೀವು. ಮನೆಯವರನ್ನ ಕರ್ಕೊಂಡು ಹೋಗೋಕೆ ಮಾತ್ರ ಇಷ್ಟು ಮೀನಮೇಷ ಎಣಿಸ್ತೀರಲ್ಲ. ನನ್ನ ಜೊತೆ ನಾಲ್ಕು ದಿನ ಇರೋದು ಅಷ್ಟೊಂದು ಬೇಜಾರಾ?"

"ಹಾಗಲ್ಲ ಕಣೇ."

"ಮತ್ತೆ ಹೇಗೆ? ಕೂತ್ಕೊಳ್ಳಿ ಇಲ್ಲಿ. ದಾರಿ ತೋರಿಸಿ. ಈಗಲೇ ಫೋನ್ ಮಾಡ್ತೀನಿ."

ಶಾಲೆಯ ಬಸ್ಸು ಗೇಟಿನ ಹೊರಗೆ ನಿಂತಿತ್ತು. ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಜ್ಜಿ ಒಮ್ಮೆ ಹಿಡಿದ ಹಟ ಬಿಡುವವಳಲ್ಲ ಎಂದು ಗೊತ್ತಿದ್ದ ಬಸ್ಸಜ್ಜ ಕುರ್ಚಿ ಎಳೆದುಕೊಂಡು, ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮೇಲೆ ಬೆರಳಿಟ್ಟ. "ನೋಡು, ಇದು ಹೆದ್ದಾರಿ. ಇಲ್ಲಿಂದ ಏರು ಶುರು. ಇಗೋ, ಸರೋವರ. ಇದರ ಪಕ್ಕ ಗಾಡಿ ಹಾಕ್ಕೊಂಡ್ರೆ ಆಯ್ತು. ಮಗು ನೀರು ನೋಡ್ಕೊಂಡು ಕೂತಿರುತ್ತೆ."

ಅಜ್ಜಿಯ ಸಿಟ್ಟು ಅರ್ಧ ಇಳಿಯಿತು. ಅವನ ಬೆರಳಿನ ಹಿಂದೆ ತಾನೂ ಬೆಟ್ಟ ಹತ್ತೋಣವೆಂದು ಬಗ್ಗಿ ನೋಡಿದಳು. ಅಲ್ಲಿ ಹೆದ್ದಾರಿ ಇರಲಿಲ್ಲ. ಸರೋವರವೂ ಇರಲಿಲ್ಲ. ಉದ್ಯಾನದ ನಿಯಮಗಳನ್ನು ಓದಲೆಂದು ಅವಳೇ ಬೆಳಿಗ್ಗೆ ನಕ್ಷೆಯನ್ನು ಮಗುಚಿ ಹಾಕಿದ್ದಳು. ಬಸ್ಸಜ್ಜನ ಬೆರಳು, ಕರಡಿ ಎದುರಾದರೆ ಏನು ಮಾಡಬೇಕು ಎಂದು ಬರೆದಿದ್ದ ಸಾಲುಗಳ ಮೇಲೆ ನಿಂತಿತ್ತು.

"ಸಾಕು ನಿಮ್ಮ ತಮಾಷೆ, ತಿರುಗಿಸಿ ಹಾಕಿ," ಎಂದು ನಕ್ಕಳು.

"ಏನನ್ನ ತಿರುಗಿಸ್ಲಿ?"

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ವಾರದಿಂದ ಅವಳು ಮತ್ತೆ ಮತ್ತೆ ಓದಿ ಹೇಳಿದ್ದ ದಾರಿಯನ್ನೇ ಅವಳಿಗೆ ಒಪ್ಪಿಸುತ್ತಿದ್ದ. ಅಜ್ಜಿಯ ನಗು ಅಲ್ಲೇ ಒಣಗಿತು. ಪಕ್ಕದಲ್ಲಿದ್ದ ಲೋಟವನ್ನು ಅವನ ಮುಖದ ಮುಂದೆ ಹಿಡಿದು, "ಇದೇನು?" ಎಂದಳು. ಬಸ್ಸಜ್ಜ ಕೋಳಿಯಂತೆ ಕತ್ತು ಓರೆ ಮಾಡಿದ. "ಲೋಟ."

"ನೇರ ನೋಡಿ ಹೇಳಿ."

ಅವನು ಹೇಗೂ ಸಿಕ್ಕಿಬಿದ್ದೆನಲ್ಲ ಎಂಬಂತೆ ಉಸಿರು ಬಿಟ್ಟು, "ನೇರಕ್ಕೆ ಬರೀ ಮಂಜು ಕಣೇ. ನಡುವೆ ಏನೂ ಇಲ್ಲ, ಅಂಚಲ್ಲಿ ಕಾಣುತ್ತೆ. ಚಳಿಗಾಲದಿಂದ ಹೀಗೇ," ಎಂದ.

"ಮೊನ್ನೆ ತಾನೇ ಕಣ್ಣಿನ ಪರೀಕ್ಷೆ ಪಾಸಾಗಿ ಬಂದ್ರಿ."

"ಆ ಗೋಡೆ ಮೇಲಿನ ಅಕ್ಷರ ಯಾವ ಕಾಲಕ್ಕೆ ಬದಲಾಗಿದೆ ಹೇಳು? ನಾನು ಕೆಲಸಕ್ಕೆ ಸೇರಿದಾಗಿಂದ ಅವೇ." ಗುಟ್ಟು ರಟ್ಟಾದ ಮೇಲೆ ಅವನಿಗೆ ಹಗುರವಾದಂತಿತ್ತು. "ಗೊತ್ತಿಲ್ಲದ ಬೆಟ್ಟದ ರಸ್ತೇಲಿ ನಿಮ್ಮಿಬ್ಬರನ್ನ ಕೂರಿಸ್ಕೊಂಡು ಹೋಗೋ ಧೈರ್ಯ ನಂಗಿಲ್ಲ. ಅದಕ್ಕೇ ಇಲ್ಲದ ನೆಪ ಹೇಳ್ತಿದ್ದೆ. ನಿನ್ನ ಜೊತೆ ಬೇಜಾರು ಅಂತಲ್ಲ. ಗಾಡಿ ಬೇಡ ಅಂತ ಫೋನ್ ಮಾಡಿಬಿಡು." ಹೊತ್ತಾಯಿತೆಂದು ಎದ್ದು ನಿಂತ.

ಬೆಟ್ಟ, ಸರೋವರ, ಮೋಟರ್‌ಹೋಮ್ ಎಲ್ಲ ಅಜ್ಜಿಯ ತಲೆಯಿಂದ ಅಳಿಸಿಹೋದವು. ಚಳಿಗಾಲದಿಂದ ದಿನಕ್ಕೆರಡು ಬಾರಿ ಈ ಮನುಷ್ಯನಿಗೆ ನಗುತ್ತ ಕೈ ಬೀಸಿ ಕಳಿಸಿಕೊಟ್ಟವಳು ತಾನೇ. ಅವನಿಗಿಂತ ಮುಂಚೆ ಬಾಗಿಲ ಬಳಿ ಹೋಗಿ ಮೊಳೆಯಲ್ಲಿದ್ದ ಬಸ್ಸಿನ ಬೀಗದಕೈ ತೆಗೆದುಕೊಂಡಳು.

"ಮತ್ತೆ ಈ ಬಸ್ಸು?"

"ಅದಕ್ಕೇನೇ? ಆ ರಸ್ತೆ ನಂಗೆ ಬಾಯಿಪಾಠ. ಒಂದೊಂದು ಗುಂಡೀನೂ ಗೊತ್ತು."

"ಗುಂಡಿ ಇದ್ದಲ್ಲೇ ಇರುತ್ತೆ ರೀ. ಮಕ್ಕಳು ಇದ್ದಲ್ಲೇ ಇರ್ತಾವಾ?"

"ಸುಮ್ನೆ ಹೆದರ್ಬೇಡ," ಎಂದು ಬಸ್ಸಜ್ಜ ಅವಳ ಭುಜ ತಟ್ಟಿದ. "ಮಕ್ಕಳು ಅಂದ್ಮೇಲೆ ಗಲಾಟೆ ಇದ್ದೇ ಇರುತ್ತೆ. ನನ್ನ ಕಿವಿ ಚೆನ್ನಾಗಿದೆ. ಗಲಾಟೆ ಇಲ್ಲ ಅಂದ್ರೆ ರಸ್ತೆ ಖಾಲಿ ಅಂತಾನೇ ಲೆಕ್ಕ."

ಅವನ ಕೈ ಖಾಲಿ ಮೊಳೆಯನ್ನು ತಡವುತ್ತಿತ್ತು. ಅಜ್ಜಿ ಬೀಗದಕೈಯನ್ನು ಅಂಗೈಗೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದು ಬಾಗಿಲಿನಿಂದ ಹೊರಗೆ ನೋಡಿದಳು. ರಸ್ತೆಯಲ್ಲಿ ಯಾವ ಗಲಾಟೆಯೂ ಇರಲಿಲ್ಲ. ಬಸ್ಸಿನ ಮುಂದೆ, ಅದರ ಮೂತಿಯ ನೆರಳಿನಲ್ಲೇ, ಉಣ್ಣೆ ಟೋಪಿ ಹಾಕಿಕೊಂಡ ಮೊಮ್ಮಗಳು ಕುಕ್ಕರಗಾಲಲ್ಲಿ ಕೂತು ಚಾಕ್‌ಪೀಸಿನಿಂದ ನೆಲದ ಮೇಲೆ ಬೆಟ್ಟ ಬರೆಯುತ್ತಿದ್ದಳು.