ತೋರಿಸುವ ಮನೆ

ಈ ಸಲವೂ ಅತಿಥಿಗಳ ಗುಂಪು ಟೈಲರಮ್ಮನ ಬಾಗಿಲ ಮುಂದೆಯೇ ಹಾದು ಪಕ್ಕದ ನರ್ಸಮ್ಮನ ಮನೆಗೇ ನುಗ್ಗಿತು. ಬೆಳಗ್ಗೆಯಿಂದ ನೆಲ ತಿಕ್ಕಿ, ಕಿಟಕಿಗೆ ಹೊಸ ಪರದೆ ಹೊಲಿದು ಕಟ್ಟಿ, ನಗುಮುಖ ಮಾಡಿಕೊಂಡು ನಿಂತಿದ್ದ ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಇನ್ನೊಬ್ಬರನ್ನು ಕಂಡು ಕರುಬುವ ಪೈಕಿ ತಾನಲ್ಲವೆಂದು ಅವಳೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು, ಅದು ಬೇರೆ ಮಾತು.

ಬಡವರಿಗೆಂದು ಎದ್ದ ಈ ಹೊಸ ಕಟ್ಟಡದ ನೆಲ ಸರ್ಕಾರದ್ದು, ಕಟ್ಟಿದ್ದು ಒಂದು ಕಂಪನಿ. ಇಂಥವೇ ಇನ್ನೂ ಹತ್ತು ಕಟ್ಟಡ ಇಬ್ಬರೂ ಸೇರಿ ಎಬ್ಬಿಸಬೇಕೆಂದಿದ್ದರಿಂದ ತಿಂಗಳಿಗೊಮ್ಮೆ ಯಾರನ್ನಾದರೂ ಕರೆತಂದು ತೋರಿಸುತ್ತಿದ್ದರು. ಎರಡೂ ಮನೆಗೆ ಅದೇ ಗೋಡೆ, ಅದೇ ಗಾಳಿ, ಬಿಸಿಲಲ್ಲಿ ಕಾದು ಬರುವ ಅದೇ ಬಿಸಿನೀರು. ಆದರೂ ಕಂಪನಿಯ ಪ್ರಚಾರದ ಪುಸ್ತಕದ ಮುಖಪುಟದಲ್ಲಿ ನರ್ಸಮ್ಮನ ಮನೆ. ಇಲ್ಲಿಗೆ ಬರುವ ಮುಂಚೆ ತಗಡಿನ ಸೂರಿನಡಿ ಇದ್ದಷ್ಟು ವರ್ಷ ಟೈಲರಮ್ಮನ ಮನೆ ನೋಡಲು ಬಂದವರಿಲ್ಲ. ಒಮ್ಮೆಯಾದರೂ ನಾಲ್ಕು ಜನ ಒಳಗೆ ಬಂದು "ಚೆನ್ನಾಗಿದೆ" ಅನ್ನಲಿ ಎಂಬುದಷ್ಟೇ ಅವಳ ಆಸೆ.

"ಜನ್ಮವೆಲ್ಲಾ ಸೂಜಿ ಚುಚ್ಚಿದೋಳು, ಇವರಿಗೂ ಏನೋ ಚುಚ್ಚಿರಬೇಕು," ಎಂದು ಗೊಣಗಿದಳು.

"ಸೂಜಿ ನಿನ್ನ ಕೈಲೂ ಇದೆಯಲ್ಲೇ," ಎಂದರು ಒಳಗಿನಿಂದ ಅತ್ತೆ.

ಅತಿಥಿಗಳು ಹೋದದ್ದೇ ತಡ, ಹಿಂದೆ ಉಳಿದ ಕಂಪನಿಯ ಇಂಜಿನಿಯರಮ್ಮನನ್ನು ಅವಳು ಅಡ್ಡಗಟ್ಟಿದಳು. "ಮೇಡಂ, ನಮ್ಮನೇಲಿ ಏನು ಕಮ್ಮಿ? ನೀವೇ ನೋಡಿ ಹೇಳಿ."

ಇಂಜಿನಿಯರಮ್ಮ ಹೊಸ್ತಿಲಲ್ಲೇ ನಿಂತು ಕತ್ತು ಚಾಚಿದಳು. ಮಂಚದ ಮೇಲೆ ಅತ್ತೆ, ಪಕ್ಕದಲ್ಲಿ ಹೊಲಿಗೆ ಮಿಷಿನ್ನು, ರಾತ್ರಿ ಪಾಳಿ ಮುಗಿಸಿ ಬಂದು ನೆಲದಲ್ಲಿ ಮಲಗಿದ್ದ ಗಂಡ, ಅವನ ಕಾಲ ಬಳಿ ಪುಸ್ತಕ ಹರಡಿಕೊಂಡು ಜಗಳಾಡುತ್ತಿದ್ದ ಮೂರು ಮಕ್ಕಳು.

"ಏನೂ ಕಮ್ಮಿ ಇಲ್ಲಮ್ಮ." ಅವಳು ದನಿ ತಗ್ಗಿಸಿದಳು. "ಅಲ್ಲಿ ಅವರೊಬ್ಬರೇ ಅಲ್ವಾ? ಮಗಳು ತೀರಿಕೊಂಡ ಮೇಲೆ ಕೋಣೆಯೆಲ್ಲಾ ಖಾಲಿ. ಫೋಟೋದಲ್ಲಿ ಮನೆ ದೊಡ್ಡದಾಗಿ ಕಾಣುತ್ತೆ."

ಟೈಲರಮ್ಮ ಒಳಗೆ ಬಂದಳು. ಯಾರು ಎದ್ದುಹೋದರೆ ಈ ಮನೆಯೂ ದೊಡ್ಡದಾಗಿ ಕಂಡೀತೆಂದು ಅವಳ ಕಣ್ಣು ತಾನಾಗಿ ಅಳತೆ ತೆಗೆಯಿತು. ಅತ್ತೆಯ ಮಂಚ, ಗಂಡ ಮಲಗಿದ ಜಾಗ, ಆಮೇಲೆ ಕಿರಿಯವಳು. ಅಲ್ಲಿಗೆ ಬಂದು ಅವಳು ನಾಲಿಗೆ ಕಚ್ಚಿಕೊಂಡಳು.

"ಏನಂತೆ? ಮುಂದಿನ ಸಲ ಬರ್ತಾರಂತಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ," ಎಂದಳು, ಕಿರಿಯವಳನ್ನು ಎಳೆದು ಮಡಿಲಿಗೆ ಹಾಕಿಕೊಳ್ಳುತ್ತಾ. "ನಮ್ಮನೇಲಿ ಜನ ಇದ್ದಾರಂತೆ."