ಹಲಗೆಯ ಮೇಲಿನ ಅಮಾವಾಸ್ಯೆ

ಪಾಲಿನೇಷ್ಯಾದ ಒಂದು ಪುಟ್ಟ ದ್ವೀಪದ ಹಳೆಯ ಮರದ ಹಲಗೆಯಲ್ಲಿ ಕೆತ್ತಿದ್ದು ಪಂಚಾಂಗವೇ ಎಂದು ಸಾಧಿಸಲು ಪಂಡಿತರು ಮೂವತ್ತು ವರ್ಷ ತಲೆ ಕೆಡಿಸಿಕೊಂಡಿದ್ದರು. ಹಲಗೆಯನ್ನು ಕಾಪಾಡಿಕೊಂಡು ಬಂದ ಮನೆತನದ ಮುದುಕಿ ಒಮ್ಮೆ ಹೂಂ ಎಂದರೆ ಅವರ ಜನ್ಮ ಸಾರ್ಥಕ.

"ಎಣಿಸಿ ನೋಡಿ ಅಜ್ಜೀ. ಇಪ್ಪತ್ತೆಂಟು ಅರ್ಧಚಂದ್ರ, ಅಂದ್ರೆ ಇಪ್ಪತ್ತೆಂಟು ರಾತ್ರಿ. ಆಮೇಲೆ ಖಾಲಿ ಜಾಗ. ಅದೇ ಅಮಾವಾಸ್ಯೆ!"

ಮುದುಕಿ ಹಲಗೆಯನ್ನು ಮೆಲ್ಲಗೆ ಸವರಿದಳು.

"ಚಂದ್ರ ಅಲ್ಲಪ್ಪಾ, ದೋಣಿ. ನಮ್ಮ ಜನಾನ ಹಿಡಿದು ಮಾರೋಕೆ ಸಾಗಿಸಿದ ದೋಣಿಗಳು. ಒಂದೊಂದು ಹೋದಾಗ್ಲೂ ನಮ್ಮ ಮುತ್ತಾತ ಒಂದೊಂದು ಗುರುತು ಕೆತ್ತಿಟ್ಟ."

ಪಂಡಿತರಿಗೆ ಸೋಲೊಪ್ಪಲು ಮನಸ್ಸಾಗಲಿಲ್ಲ.

"ಹಾಗಿದ್ರೆ ಸರಿಯಾಗಿ ಇಪ್ಪತ್ತೆಂಟಕ್ಕೇ ಯಾಕೆ ನಿಲ್ಲಿಸಿದ?"

"ಇಪ್ಪತ್ತೊಂಬತ್ತನೇ ದೋಣೀಲಿ ಅವನನ್ನೇ ತುಂಬ್ಕೊಂಡು ಹೋದ್ರು."