ಸ್ನಾನದ ಪ್ರಶ್ನೆ

"ಸೋಪಿನ ಪುಡಿ ಬೇಡಮ್ಮ, ಹೋದ ವಾರ ತಗೊಂಡಿದ್ದೇ ನೊರೆ ಬರ್ತಿಲ್ಲ" ಎಂದು ಅಜ್ಜಿ ಬಾಗಿಲಲ್ಲೇ ತಡೆದಾಗ ಸರ್ವೆ ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದಕ್ಕಿಂತ ಸೋಪಿನ ಪುಡಿ ಮಾರುವುದೇ ವಾಸಿ ಎಂದು ಬೆಳಗಿನಿಂದ ಅವಳಿಗೂ ಅನ್ನಿಸುತ್ತಿತ್ತು. ಅವಳು ಮನೆ ಮನೆಗೆ ಹೊತ್ತು ತರುವ ಪ್ರಶ್ನೆ ಅಂಥದ್ದು. ಈ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಯಾರಾದರೂ ಬಸುರಿನಲ್ಲಿ, ಹೆರಿಗೆಯಲ್ಲಿ, ಇಲ್ಲವೇ ಹೆತ್ತ ಎರಡು ತಿಂಗಳೊಳಗೆ ತೀರಿಕೊಂಡಿದ್ದಾರೆಯೇ? ಎಷ್ಟು ಹಳೆಯ ಮಾತಾದರೂ ಸರಿ. ಒಳಗೆ ಎಳೆಗೂಸು ಅಳುತ್ತಿರುವ ಮನೆಯಲ್ಲಿ ಇದನ್ನು ಕೇಳಲು ನಾಲಿಗೆಯಾದರೂ ಹೇಗೆ ಏಳಬೇಕು? ಅಂತೂ ಕೇಳಿದಳು, ನೆಲ ನೋಡುತ್ತಾ.

"ಸತ್ತೋರ ಲೆಕ್ಕ ತಗೊಂಡು ಏನ್ ಮಾಡ್ತೀರೇ ತಾಯಿ? ಇರೋರನ್ನೇ ಯಾರೂ ಕೇಳಲ್ಲ."

"ಹೋದವರು ಯಾಕೆ ಹೋದರು ಅಂತ ಗೊತ್ತಾದ್ರೆ ಇನ್ನೊಬ್ಬರನ್ನ ಉಳಿಸ್ಕೋಬಹುದು ಅಜ್ಜಿ."

ಅಜ್ಜಿ ಅವಳನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಕಾಲಿನಿಂದಲೇ ಸ್ಟೂಲು ತಳ್ಳಿದರು. "ಕೂತ್ಕೋ. ನಮ್ಮನೇಲಿ ಹೆರಿಗೇಲಿ ಯಾರೂ ಹೋಗಿಲ್ಲ. ಮಗಳು ಹೋದಳು ನಿಜ, ಆದ್ರೆ ಹೆರಿಗೆ ಹೂವೆತ್ತಿದ ಹಾಗೆ ಆಗಿತ್ತು. ಶೀತ ಏರಿ ಹೋದಳು. ಹಸಿ ಬಾಣಂತಿ ತಲೆಗೆ ನೀರು ಸುರಿದ ಮಹಾತಾಯಿ ಅಗೋ, ಅಲ್ಲೇ ನಿಂತಿದಾಳೆ."

ಹಜಾರದ ಕೊನೆಯಲ್ಲಿ ಕೂಸಿನ ಬಟ್ಟೆ ಮಡಿಸುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. ಆಕೆಯ ಕೂದಲು ಅರ್ಧ ನರೆತಿತ್ತು. ಕೇಳಿ ಕೇಳಿ ಈ ಮಾತು ಗೋಡೆ ಗಡಿಯಾರದ ಸದ್ದಿನಂತಾಗಿರಬೇಕು ಎಂದುಕೊಂಡಳು ಹುಡುಗಿ. ಆದರೆ ಸೊಸೆ ಮಡಿಸಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು.

"ತಾಯಿ ಇಲ್ಲದ ಕೂಸನ್ನ ಇವಳೇ ಸಾಕಿದಳು, ಅದನ್ನ ಇಲ್ಲ ಅನ್ನಲ್ಲ" ಎಂದರು ಅಜ್ಜಿ. "ಉಣ್ಣಿಸು, ಜಡೆ ಹಾಕು, ಶಾಲೆಗೆ ಕಳಿಸು ಅಂದೆ. ನೀರು ಹಾಕೋದು ಮಾತ್ರ ನಾನೇ. ಈಗ ಆ ಕೂಸೇ ಒಂದು ಕೂಸು ಹೆತ್ಕೊಂಡು ಒಳಗೆ ಮಲಗಿದೆ. ನನ್ನ ಸೊಂಟ ಬಗ್ಗಲ್ಲ. ನೀರು ಹಾಕೋಕೆ ಅಂತ ಹೊರಗಿಂದ ಒಬ್ಬಳನ್ನ ಗೊತ್ತು ಮಾಡಿದೀನಿ. ಆ ಪುಣ್ಯಾತ್ಗಿತ್ತಿ ಇವತ್ತು ಪತ್ತೇನೇ ಇಲ್ಲ, ನೀರು ಕಾದು ಕೂತಿದೆ."

ಮಗಳು ಹೋದದ್ದು ಹೆತ್ತ ಎರಡು ವಾರದೊಳಗೆ ಎಂದು ಗೊತ್ತಾದಾಗ ಹುಡುಗಿ, "ಹಾಗಾದ್ರೆ ಅವರು ಈ ಲೆಕ್ಕಕ್ಕೆ ಬರ್ತಾರೆ ಅಜ್ಜಿ" ಎಂದಳು. ಮುಂದಿನದೆಲ್ಲ ಕೈಲಿದ್ದ ಟ್ಯಾಬ್ ನೋಡಿ ಸಾಲಾಗಿ ಕೇಳಿದಳು. ಹೆರಿಗೆ ಮಾಡಿಸಿದವರು ಯಾರು, ರಕ್ತ ಹೆಚ್ಚು ಹೋಯಿತೇ, ಕೆಟ್ಟ ವಾಸನೆ ಇತ್ತೇ. ಬರೀ ಕೇಳಬೇಕು, ಏನನ್ನೂ ಹೇಳಲು ಹೋಗಬಾರದು ಎಂದು ತರಬೇತಿಯಲ್ಲಿ ತಾಕೀತು ಮಾಡಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಅವಳಿಗೆ ಆ ತಾಕೀತು ವರದಂತಿತ್ತು.

"ಜ್ವರ ಯಾವಾಗ ಶುರುವಾಯ್ತು?"

"ಹೆತ್ತ ಮೂರನೇ ದಿನ. ಹಲ್ಲು ಕಟಕಟ ಅಂತಿತ್ತು. ನಾನೇ ಎರಡು ಕಂಬಳಿ ಹೊದಿಸಿದೆ. ವಾಸನೆ ತಡೀಲಾರದೆ ಕಿಟಕಿ ತೆಗೆದಿಟ್ಟಿದ್ದೆ. ಮಾರನೇ ದಿನ ಬೆವತು ತೊಪ್ಪೆಯಾದಳು. ಮೈಯೆಲ್ಲ ಅಂಟಂಟು, ಒಂದು ಚೊಂಬು ನೀರು ಹಾಕೇ ಅಂತ ಇವಳ ಹತ್ರ ಗೋಗರೆದಳಂತೆ…" ಅಜ್ಜಿ ಮೂಗು ಒರೆಸಿಕೊಂಡರು.

ಹುಡುಗಿ ಕೊನೆಯ ಉತ್ತರ ಒತ್ತಿ ಟ್ಯಾಬ್ ಮುಚ್ಚಿದಳು. "ಆಯ್ತು ಅಜ್ಜಿ."

"ಆಯ್ತು ಅಂದ್ರೆ? ಸ್ನಾನದ್ದು ಕೇಳಲೇ ಇಲ್ಲವಲ್ಲ! ಮುಖ್ಯವಾದದ್ದೇ ಬಿಟ್ರೆ ಹೇಗೆ?"

"ಆ ಪ್ರಶ್ನೆ ಇಲ್ಲ ಅಜ್ಜಿ."

"ನಮ್ಮನೆಗೆ ಮಾತ್ರ ಇಲ್ವೋ?"

"ಯಾರ ಮನೇಲೂ ಕೇಳಲ್ಲ."

ಬಟ್ಟೆ ಮಡಿಸುತ್ತಿದ್ದ ಕೈಗಳು ನಿಂತವು. ಎದ್ದು ಹೋಗಿಬಿಡಬೇಕು ಎಂದುಕೊಂಡ ಹುಡುಗಿಗೆ ಆ ಕೈಗಳನ್ನು ನೋಡಿ ಏಳಲಾಗಲಿಲ್ಲ. ತಾಕೀತು ಮರೆತು, ತನ್ನದೇ ದನಿ ತನಗೆ ಅಪರಿಚಿತವೆನಿಸುವಂತೆ ಹೇಳಿದಳು: "ಅದು ಹೆರಿಗೆಯ ನಂಜು ಇರಬೇಕು ಅಜ್ಜಿ. ತಲೆಗೆ ನೀರು ಹಾಕಿದ್ದಕ್ಕೆ ಬರೋದಲ್ಲ. ಜ್ವರ ಮೊದಲೇ ಬಂದಿತ್ತು ಅಂತ ಈಗ ನೀವೇ ಹೇಳಿದ್ರಲ್ಲ."

ಅಜ್ಜಿ ಕಂಬಳಿ ಹೊದಿಸಿದ ತಮ್ಮ ಎರಡು ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡರು. ಅಷ್ಟರಲ್ಲಿ ಕೋಣೆಯಿಂದ ಬಾಣಂತಿ, "ಅಮ್ಮಾ, ನೀರು ಆರೋಗುತ್ತೆ, ಅವಳು ಬಂದ್ಲಾ?" ಎಂದು ಕೂಗಿದಳು.

ಸೊಸೆ ಅತ್ತೆಯ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀಯ? ಕಿವಿ ಕೇಳಿಸಲ್ವಾ?" ಅಜ್ಜಿ ಗದರಿದರು. ಗದರುವಾಗಲೇ ದನಿ ಒಡೆದುಹೋಯಿತು. "ಮಗಳು ಕರೀತಿದಾಳೆ, ಹೋಗು. ಬಿಸಿ ನೋಡ್ಕೊಂಡು ಹಾಕು."

ಹುಡುಗಿ ಸದ್ದಿಲ್ಲದೆ ಎದ್ದು ಬಂದಳು. ಗೇಟು ದಾಟುವಾಗ ಹಿಂದೆ ಚಪ್ಪಲಿಯಿಲ್ಲದ ಕಾಲುಗಳು ಓಡಿಬಂದ ಸದ್ದು. ಮೊಣಕೈವರೆಗೆ ಒದ್ದೆಯಾದ ಕೈಯಿಂದ ನೀರು ತೊಟ್ಟಿಕ್ಕಿಸುತ್ತಾ ಸೊಸೆ ನಿಂತಿದ್ದಳು, ಮೊಣಕೈಯಲ್ಲಿ ನೀರಿನ ಬಿಸಿ ನೋಡುತ್ತಿದ್ದವಳು ಹಾಗೇ ಎದ್ದು ಬಂದಂತೆ.

"ಇನ್ನೊಂದು ಸಲ ಹೇಳಿ ಹೋಗಮ್ಮ."

"ಏನಕ್ಕ?"

"ಅದೇ. ಯಾರ ಮನೇಲೂ ಕೇಳಲ್ಲ ಅಂದ್ಯಲ್ಲ."

"ಯಾರ ಮನೇಲೂ ಕೇಳಲ್ಲ ಅಕ್ಕ."

ಸೊಸೆ ಹುಡುಗಿಯ ತೋಳು ಹಿಡಿದು ಒಮ್ಮೆ ಒತ್ತಿ, ಒಳಗೆ ಓಡಿದಳು. ಮುಂದಿನ ಮನೆಯ ಬಾಗಿಲು ತಟ್ಟುವಾಗಲೂ ಹುಡುಗಿಯ ತೋಳಿನ ಮೇಲೆ ಐದು ಬೆರಳುಗಳ ಒದ್ದೆ ಗುರುತು ಬೆಚ್ಚಗೇ ಇತ್ತು.